ರಿಂಜಾನಿಗೆ ಎರಡು ದಿನವೋ ಮೂರು ದಿನವೋ? ಮೊದಲು ಮೈಮೇಲಿನ ಅಂಗಿಯ ವಿಚಾರ

ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದ ನಿಮಗೆ, ಜುಲೈ ತಿಂಗಳಿನಲ್ಲಿ ಇಂಡೊನೇಷ್ಯಾದ ಲೊಂಬೊಕ್ ದ್ವೀಪದ ರಿಂಜಾನಿ ಎಂಬ ಜ್ವಾಲಾಮುಖಿ ಪರ್ವತ ಹತ್ತಲು ಎರಡು ದಿನದ ಪ್ಯಾಕೇಜ್ ಸಾಕೇ ಅಥವಾ ಮೂರು ದಿನದ್ದು ಬೇಕೇ ಎಂಬ ಸಂಶಯ. ಬದಿಯಡ್ಕದಲ್ಲಿ ಕುಳಿತು ನೀವು ಈಗ ಹಾಕುತ್ತಿರುವ ಲೆಕ್ಕವನ್ನೇ ನಾನು ಪೆರ್ಲದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹಾಕಿದ್ದೆ. ಕುಕ್ಕೆಯಿಂದ 1,712 ಮೀಟರ್ ಎತ್ತರದ ತುದಿಯವರೆಗೆ ಒಂದೇ ಉಸಿರಿಗೆ ಒಂದೂವರೆ ಸಾವಿರ ಮೀಟರ್‌ಗಿಂತ ಹೆಚ್ಚು ಏರಿದವನಿಗೆ, ಪರ್ವತದ ಬುಡದ ಹಳ್ಳಿ ಸೆಂಬಲುನ್‌ನ 1,150 ಮೀಟರ್‌ನಿಂದ ಹೊರಟು 2,639 ಮೀಟರ್‌ನ ಕುಳಿಯಂಚಿನಲ್ಲಿ ಮಲಗಿ, ನಸುಕಿನಲ್ಲಿ 3,726 ಮೀಟರ್‌ನ ತುದಿ ಮುಟ್ಟುವುದೇನು ಮಹಾ ಎಂದು ನನಗೆ ತೋರಿತ್ತು. ಕಾಲುಗಳ ಮಟ್ಟಿಗೆ ಆ ಲೆಕ್ಕ ತಪ್ಪಾಗಿರಲಿಲ್ಲ. ನನ್ನ ಕಾಲುಗಳು ಕೊನೆಯವರೆಗೂ ಸೋತಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಬುಡದಲ್ಲಿರುವ, ಕಾಲಿನ ಬಲವೇ ಸಾಕೆಂಬ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ.

ನಾವು ಅಭ್ಯಾಸ ಮಾಡಿದ ಗುಡ್ಡಗಳು ಎಂಥವು ಎಂದು ಯೋಚಿಸಿ. ಪೊಸಡಿ ಗುಂಪೆಯ ಮುರಕಲ್ಲಿನ ಮೇಲೆ ಬಿಸಿಲಿನಲ್ಲಿ ಹತ್ತುತ್ತೇವೆ, ರಾಣಿಪುರದ ಹುಲ್ಲುಗಾವಲಿನಲ್ಲಿ ಜಿಗಣೆ ಕಿತ್ತುಕೊಳ್ಳುತ್ತಾ ನಡೆಯುತ್ತೇವೆ, ಎಲ್ಲಿ ಹೋದರೂ ಬೆವರುತ್ತೇವೆ ಮತ್ತು ಆ ಬೆವರು ಮೈಯನ್ನು ತಂಪು ಮಾಡುವುದರಿಂದ ಅದನ್ನು ಉಪಕಾರಿಯೆಂದೇ ತಿಳಿಯುತ್ತೇವೆ. ಹತ್ತಿಯ ಅಂಗಿ, ಹೆಗಲಿಗೊಂದು ಬೈರಾಸು, ಬಿಸಿಲೇರುವ ಮೊದಲು ತುದಿ ತಲಪುವ ಅವಸರ, ಇವು ನಮ್ಮ ಕಡೆಯ ಗುಡ್ಡ ಹತ್ತುವವರ ರೂಢಿ. ನಾನು ಈ ರೂಢಿಯನ್ನು ಹಾಗೆಯೇ ಕಟ್ಟಿಕೊಂಡು ಲೊಂಬೊಕ್‌ಗೆ ಹೋದೆ. ಭೂಮಧ್ಯರೇಖೆಗೆ ಅಷ್ಟು ಹತ್ತಿರದ ದ್ವೀಪ, ಕೆಳಗೆ ತೆಂಗಿನ ಮರಗಳು, ಸಮುದ್ರದ ಬಿಸಿಗಾಳಿ. ಅಲ್ಲಿ ಚಳಿಯೆಂದರೆ ನಮ್ಮ ಧನುರ್ಮಾಸದ ಬೆಳಗಿನಷ್ಟಿರಬಹುದು ಎಂದು ಭಾವಿಸಿ ಒಂದು ಸ್ವೆಟರ್ ತೆಗೆದುಕೊಂಡಿದ್ದೆ.

ಆ ಭಾವನೆ ಎಲ್ಲಿ ತಪ್ಪಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಡಲ ತೀರದಲ್ಲಿ 28 ಡಿಗ್ರಿ ಇದ್ದರೆ ರಿಂಜಾನಿಯ ತುದಿಯಲ್ಲಿ ಸುಮಾರು 4 ಡಿಗ್ರಿ, ರಾತ್ರಿಯಲ್ಲಿ ಇನ್ನೂ ಕಡಿಮೆ. ಲೊಂಬೊಕ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ನಮ್ಮಲ್ಲಿ ಆಟಿಯ ಮಳೆ ಸುರಿಯುವಾಗ ಅಲ್ಲಿ ಒಣ ಕಾಲ. ಆಕಾಶ ನಿರ್ಮಲವಾಗಿರುತ್ತದೆ, ಅದೇ ಕಾರಣಕ್ಕೆ ರಾತ್ರಿಗಳು ತಣ್ಣಗಿರುತ್ತವೆ, ಆಗ್ನೇಯದ ಗಾಳಿಯೂ ಜೋರು. ನೀವು ಆರಿಸಿಕೊಂಡಿರುವುದು ಈ ಕಾಲವನ್ನೇ. ಇಷ್ಟಾದರೂ 4 ಡಿಗ್ರಿಯ ಒಣ ಗಾಳಿ ಆರೋಗ್ಯವಂತನನ್ನು ಕೆಡವಲಾರದು. ಕೆಡವುವುದು ಒದ್ದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ಮತ್ತು ಹತ್ತಿಯ ಬಟ್ಟೆ ಹೀರಿದ ಬೆವರನ್ನು ಬಿಟ್ಟುಕೊಡದೆ ಮೈಗೆ ಅಂಟಿಕೊಂಡೇ ಇರುತ್ತದೆ.

ಹಗಲಿನ ಏರಿನಲ್ಲಿ ತೊಯ್ದ ಅಂಗಿಯಲ್ಲಿಯೇ ನಾನು ಕುಳಿಯಂಚಿನ ಡೇರೆಯಲ್ಲಿ ಮಲಗಿದೆ. ಮೈಯ ಬಿಸಿಗೆ ಒಣಗುತ್ತದೆ ಎಂದುಕೊಂಡೆ. ನಡುರಾತ್ರಿ ಕಳೆದು ಎರಡು ಗಂಟೆಗೆ ಹೊರಟಾಗ ಚಳಿ ಬಿಡಿಸಿಕೊಳ್ಳಲೆಂದು ಊರಿನ ಅಭ್ಯಾಸದಂತೆ ಮೊದಲ ಏರನ್ನು ಬಿರುಸಾಗಿ ಹತ್ತಿದೆ. ಅಲ್ಲಿ ನೆಲವೆಂದರೆ ಜ್ವಾಲಾಮುಖಿಯ ಸಡಿಲ ಬೂದಿ ಮತ್ತು ಜಲ್ಲಿ. ಇಟ್ಟ ಹೆಜ್ಜೆ ಹಿಂದಕ್ಕೆ ಜಾರುವುದರಿಂದ ಶ್ರಮ ಇಮ್ಮಡಿಯಾಗುತ್ತದೆ, ಬೆವರೂ ಹಾಗೆಯೇ. ಬೆವರಿಳಿಯುವುದನ್ನು ಕಂಡು ನನಗೆ ಧೈರ್ಯವೇ ಬಂದಿತ್ತು. ಬೆಟ್ಟದ ಬೆನ್ನಿನ ಏಣು ಬಂತು, ಗಾಳಿ ಎದುರಾಯಿತು, ಮುಂದಿದ್ದ ಗುಂಪು ನಿಂತದ್ದರಿಂದ ನಾವೂ ನಿಲ್ಲಬೇಕಾಯಿತು. ಮೈ ಶಾಖ ಹುಟ್ಟಿಸುವುದನ್ನು ನಿಲ್ಲಿಸಿದ ಕ್ಷಣದಲ್ಲಿಯೇ ಒದ್ದೆ ಬಟ್ಟೆಯೂ ಗಾಳಿಯೂ ಸೇರಿ ಇದ್ದ ಶಾಖವನ್ನು ಎಳೆಯತೊಡಗಿದವು. ನಡುಕ ಶುರುವಾಯಿತು. ಹಿಂದಿರುಗೋಣವೇ ಎಂದು ಗೈಡ್ ಕೇಳಿದ, ನಾನು ಬೇಡವೆಂದೆ. ಸ್ವಲ್ಪ ಹೊತ್ತಿನಲ್ಲಿ ಸ್ವೆಟರಿನ ಜಿಪ್ ಎಳೆಯಲು ಬೆರಳುಗಳು ಕೇಳಲಿಲ್ಲ. ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದ ಗೈಡ್‌ಗೆ ನಾನು ಕನ್ನಡದಲ್ಲಿ, ಅದೂ ತೊದಲುತ್ತಾ ಉತ್ತರಿಸುತ್ತಿದ್ದೆನೆಂದು ಜೊತೆಗಿದ್ದ ಪುತ್ತೂರಿನ ಗೆಳೆಯ ಆಮೇಲೆ ಹೇಳಿದ. ನನಗೆ ಅದರ ಅರಿವೇ ಇರಲಿಲ್ಲ.

ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ನಡುಕ, ಎಡವುವುದು, ತೊದಲುವುದು ಇದರ ಕ್ರಮ. ಇನ್ನೂ ಬಿಗಡಾಯಿಸಿದರೆ ನಡುಕವೇ ನಿಂತುಹೋಗುತ್ತದೆ, ಅದನ್ನು ಚೇತರಿಕೆಯೆಂದು ಭ್ರಮಿಸಬಾರದು. ಇದರಲ್ಲಿ ಅತ್ಯಂತ ಅಪಾಯಕರವಾದ ಸಂಗತಿಯೆಂದರೆ ವಿವೇಚನೆ ಬಹಳ ಬೇಗ ಮಂಕಾಗುವುದು. ಹಿಂದಿರುಗುವ ನಿರ್ಧಾರವನ್ನು ಮೇಲೆ ಹೋದ ಮೇಲೆ ತೆಗೆದುಕೊಳ್ಳುತ್ತೇನೆ ಎನ್ನುವವನು, ಆ ಹೊತ್ತಿಗೆ ತನ್ನಲ್ಲಿ ಇರದ ಬುದ್ಧಿಯನ್ನು ನಂಬಿಕೊಂಡಿರುತ್ತಾನೆ.

ಗೈಡ್ ಮತ್ತೆ ನನ್ನನ್ನು ಕೇಳಲಿಲ್ಲ. ಬಂಡೆಯ ಮರೆಗೆ ಕೂರಿಸಿ, ಒದ್ದೆ ಅಂಗಿ ಕಳಚಿಸಿ, ತನ್ನ ಜಾಕೆಟ್ ತೊಡಿಸಿ, ಸಿಹಿ ತಿನ್ನಿಸಿ ಕೆಳಗೆ ನಡೆಸಿದ. ಆದರೆ ಮರಗಟ್ಟಿದ ಪಾದಕ್ಕೆ ನೆಲ ತಿಳಿಯುತ್ತಿರಲಿಲ್ಲ. ಸಡಿಲ ಜಲ್ಲಿಯಲ್ಲಿ ಬಲಗಾಲು ತಿರುಚಿ ಪಾದದ ಗಂಟು ಮುರಿಯಿತು. ನಮ್ಮೂರಿನಲ್ಲಾದರೆ ಯಾವ ಗುಡ್ಡದಲ್ಲಿ ಬಿದ್ದರೂ ಯಾರಾದರೂ ಜೀಪು ತಂದು ರಾತ್ರಿಯೊಳಗೆ ಮಂಗಳೂರಿಗೆ ಮುಟ್ಟಿಸುತ್ತಾರೆ. ಅಲ್ಲಿ ಪೋರ್ಟರುಗಳು ಬಿದಿರಿನ ಗಳಕ್ಕೆ ಬಟ್ಟೆ ಕಟ್ಟಿ, ಸಾಮಾನ್ಯ ಚಪ್ಪಲಿ ಮೆಟ್ಟಿದ ಕಾಲುಗಳಲ್ಲಿ, ಸರದಿಯಂತೆ ಹೊತ್ತು ಸಂಜೆಗೆ ಸೆಂಬಲುನ್ ತಲಪಿಸಿದರು. ಅವರ ಋಣ ನನ್ನ ಮೇಲಿದೆ. ಆಮೇಲೆ ಮಾತರಮ್ ನಗರದ ಆಸ್ಪತ್ರೆ, ಊರಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ. ಇಂದಿಗೂ ಅಡಿಕೆ ಮರವೇರಿ ಮದ್ದು ಬಿಡುವ ಕೆಲಸಕ್ಕೆ ನಾನು ಇನ್ನೊಬ್ಬರನ್ನು ಕರೆಯಬೇಕು.

ದ್ವೀಪದ ಪರ್ವತದಲ್ಲಿ ರಕ್ಷಣೆ ನಿಧಾನವೆಂಬುದು ನನ್ನೊಬ್ಬನ ಅನುಭವವಲ್ಲ. 2018ರ ಜುಲೈ 29ರಂದು ಲೊಂಬೊಕ್‌ನಲ್ಲಿ ಭೂಕಂಪವಾದಾಗ ನೂರಾರು ಚಾರಣಿಗರು ರಿಂಜಾನಿಯಲ್ಲಿ ಸಿಕ್ಕಿಬಿದ್ದರು. 2025ರ ಜೂನ್‌ನಲ್ಲಿ ತುದಿಯ ದಾರಿಯಿಂದ ಜಾರಿದ ವಿದೇಶಿ ಯುವತಿಯೊಬ್ಬಳ ಬಳಿಗೆ ರಕ್ಷಕರು ತಲಪುವಾಗ ದಿನಗಳೇ ಕಳೆದಿದ್ದವು, ಆಕೆ ಬದುಕಿರಲಿಲ್ಲ. ಮಂಜು ಕವಿದರೆ ಹೆಲಿಕಾಪ್ಟರ್ ಹತ್ತಿರ ಬರಲಾರದು, ಸಡಿಲ ಇಳಿಜಾರಿನಲ್ಲಿ ಹಗ್ಗಕ್ಕೆ ಆಧಾರ ಸಿಗುವುದು ಕಷ್ಟ.

ಇನ್ನು ನಿಮ್ಮ ಎರಡು ಮತ್ತು ಮೂರರ ವಿಚಾರ. ದಿನಗಳ ಎಣಿಕೆಗಿಂತ ಯಾವ ಕಡೆಯಿಂದ ಹೊರಡುತ್ತೀರಿ ಎಂಬುದು ಮುಖ್ಯ. ಸೆಂಬಲುನ್‌ನಿಂದ ಹೊರಟರೆ ಎರಡು ದಿನದ ಪ್ಯಾಕೇಜ್‌ನಲ್ಲಿಯೂ ಸಾಮಾನ್ಯವಾದ ಮೂರು ದಿನದ್ದರಲ್ಲಿಯೂ ಮರುದಿನ ನಸುಕಿಗೇ ತುದಿಗೆ ಒಯ್ಯುತ್ತಾರೆ. ಎಂದರೆ ಕಡಲಮಟ್ಟದಿಂದ ಬಂದವನು ಎತ್ತರದಲ್ಲಿ ಕಳೆಯುವುದು ಒಂದೇ ಅರೆನಿದ್ದೆಯ ರಾತ್ರಿ. ಪರ್ವತದ ಉತ್ತರ ಬದಿಯ ಹಳ್ಳಿ ಸೆನರುವಿನಿಂದ ಹೊರಟು, ಆ ಕಡೆಯ ಅಂಚಿನಲ್ಲಿ 2,641 ಮೀಟರ್‌ನಲ್ಲಿ ಮಲಗಿ, ಸುಮಾರು 2,000 ಮೀಟರ್‌ನಲ್ಲಿರುವ ಸೆಗಾರ ಅನಕ್ ಸರೋವರಕ್ಕಿಳಿದು, ಪುನಃ ಸೆಂಬಲುನ್ ಅಂಚಿಗೇರಿದರೆ ಮೈಗೆ ತೆಳು ಗಾಳಿಯಲ್ಲಿ ಎರಡು ರಾತ್ರಿ ಸಿಗುತ್ತದೆ. ತುದಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ ಈ ಎರಡನೆಯ ರಾತ್ರಿಗೆ ಬೆಲೆಯಿದೆ. ಕೊನೆಯ ದಿನದ ಇಳಿತ ದೀರ್ಘವಾಗುತ್ತದೆ ನಿಜ, ಮಂಡಿಗಳಿಗೆ ಹಿತವಲ್ಲ. ಆದರೂ ನಾನು ಅದನ್ನೇ ಆರಿಸುತ್ತೇನೆ. ಆ ದಾರಿ ಆಗ ತೆರೆದಿದೆಯೇ ಎಂದು ರಾಷ್ಟ್ರೀಯ ಉದ್ಯಾನದವರಲ್ಲಿ ಕೇಳಿಕೊಳ್ಳಿ. ಸಾಧ್ಯವಿದ್ದರೆ ಜುಲೈ ಬಿಟ್ಟು ಮೇ ತಿಂಗಳಿಗೆ ಹೋಗಿ.

ಹತ್ತಿಯ ಬಟ್ಟೆ ಒಂದನ್ನೂ, ಒಳಂಗಿಯನ್ನೂ ಸೇರಿಸಿ, ಮೇಲೆ ಒಯ್ಯಬೇಡಿ. ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳಪದರ ಎರಡು ಜೊತೆ ಇರಲಿ. ಒಂದು ಹತ್ತಲು, ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು ಡೇರೆ ತಲಪಿದೊಡನೆ ತೊಡಲು. ಗಾಳಿ ತಡೆಯುವ ಜಾಕೆಟ್, ಕೈಗವಸು, ಕಿವಿ ಮುಚ್ಚುವ ಟೋಪಿ ಬಾಡಿಗೆಗೆ ಸಿಗುತ್ತದೆಂದು ಬಿಡಬೇಡಿ, ನಿಮ್ಮದನ್ನೇ ಒಯ್ಯಿರಿ. ನಸುಕಿನಲ್ಲಿ ಹೊರಡುವಾಗ ಸ್ವಲ್ಪ ಚಳಿ ಎನಿಸುವಷ್ಟೇ ತೊಟ್ಟು, ಬೆವರದಷ್ಟು ನಿಧಾನಕ್ಕೆ ನಡೆದು, ಏಣು ಮುಟ್ಟುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ನಿಮ್ಮ ವಿಮೆಯ ಕರಾರಿನಲ್ಲಿ ಎಷ್ಟು ಎತ್ತರದವರೆಗಿನ ಚಾರಣಕ್ಕೆ ರಕ್ಷಣೆಯಿದೆ ಎಂದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಮಿತಿಯಿರುತ್ತದೆ.

ಕೊನೆಯದಾಗಿ, ಹಿಂದಿನ ಸಂಜೆಯೇ ಗೈಡ್‌ನೊಡನೆಯೂ ಜೊತೆಗಾರರೊಡನೆಯೂ ಕುಳಿತು ಹಿಂದಿರುಗುವ ಗಂಟೆಯನ್ನು ಗೊತ್ತುಮಾಡಿ, ನೀವು ತೊದಲಿದರೆ ಅಥವಾ ಎರಡು ಬಾರಿ ಎಡವಿದರೆ ನಿಮ್ಮ ಒಪ್ಪಿಗೆ ಕೇಳದೆ ಇಳಿಸುವ ಅಧಿಕಾರವನ್ನು ಅವರಿಗೆ ಬಾಯಿಬಿಟ್ಟು ಕೊಡಿ. ಇದಕ್ಕೆ ಒಪ್ಪದ ಸಂಘಟಕರಿಗೆ ಮುಂಗಡ ಕಟ್ಟಬೇಡಿ.