ಮೂರೇ ನರಕೋಶಗಳಿಂದ ಬಸವನಹುಳು ಉಸಿರಾಡುವುದು ಹೇಗೆ?

ಕೊಳದ ಬಸವನಹುಳುವಿನ ಉಸಿರಾಟಕ್ಕೆ ಮೂರೇ ನರಕೋಶ ಸಾಕು ಎಂದು ಓದಿ, ಆ ಮೂರರಲ್ಲಿ ಉಸಿರಾಟದ ಲಯ ಹಿಡಿದು ನಡೆಸುವುದು ಯಾವುದು ಎಂದು ಕೇಳಿದ್ದೀರಿ. ಯಾವುದೂ ಅಲ್ಲ. ಯಾವ ಕೋಶವನ್ನು ಒಂಟಿಯಾಗಿ ಇಟ್ಟರೂ ಲಯ ಹುಟ್ಟುವುದಿಲ್ಲ. ಅದು ಹುಟ್ಟುವುದು ಅವುಗಳ ನಡುವಿನ ಸಂಪರ್ಕದಲ್ಲಿ.

ನೀವು ಓದಿರುವುದು ಲಿಮ್ನಿಯಾ ಸ್ಟ್ಯಾಗ್ನಾಲಿಸ್ ಬಗ್ಗೆ ಇರಬೇಕು. ಯುರೋಪ್, ಉತ್ತರ ಅಮೆರಿಕದ ಕೊಳಗಳ ಹುಳು ಅದು. ನೀರಿನಲ್ಲಿ ಆಮ್ಲಜನಕ ಧಾರಾಳವಾಗಿದ್ದರೆ ಚರ್ಮದ ಮೂಲಕವೇ ಉಸಿರಾಡಿಕೊಂಡಿರುತ್ತದೆ. ಕಡಿಮೆಯಾದರೆ ಮೇಲೆ ಬಂದು, ಬಲಮಗ್ಗುಲಿನ ಉಸಿರುರಂಧ್ರ ತೆರೆದು ಗಾಳಿ ಬದಲಿಸಿಕೊಳ್ಳುತ್ತದೆ.

ಐಪಿ3ಐ ಎಂಬ ಕೋಶ ರಂಧ್ರ ತೆರೆಸುತ್ತದೆ, ವಿಡಿ4 ಮುಚ್ಚಿಸುತ್ತದೆ. ಇವೆರಡೂ ಏತಪಾತದ ಎರಡು ತುದಿಗಳಂತೆ: ಒಂದು ಎದ್ದರೆ ಇನ್ನೊಂದನ್ನು ಒತ್ತಿಹಿಡಿಯುತ್ತದೆ. ಆಟ ಶುರುಮಾಡಿಸುವುದು ಆರ್‌ಪೆಡ್1, ಡೋಪಮಿನ್ ಎಂಬ ನರಸಂದೇಶದ ರಾಸಾಯನಿಕ ಸುರಿಸುವ ದೊಡ್ಡ ಕೋಶ. ಅದು ಐಪಿ3ಐಯನ್ನು ಮೊದಲು ಅದುಮುತ್ತದೆ. ಅದುಮಿದ್ದು ಸಡಿಲಾದೊಡನೆ ಐಪಿ3ಐ ಪುಟಿದೇಳುತ್ತದೆ, ರಂಧ್ರ ತೆರೆಯುತ್ತದೆ. ಅದರ ಸಂಕೇತಗಳ ಸ್ಫೋಟ ಮುಗಿದಾಗ ಅಷ್ಟು ಹೊತ್ತು ಸುಮ್ಮನಿದ್ದ ವಿಡಿ4 ಎದ್ದು ರಂಧ್ರ ಮುಚ್ಚಿಸಿ, ಉಳಿದೆರಡನ್ನೂ ತಡೆಯುತ್ತದೆ.

ಇದು ಬರೀ ಊಹೆಯಲ್ಲ. 1990ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಸಯ್ಯದ್, ಬುಲ್ಲಾಕ್, ಲುಕೋವಿಯಾಕ್ ಈ ಮೂರು ಕೋಶಗಳನ್ನು ಮೆದುಳಿನಿಂದ ಹೊರತೆಗೆದು ತಟ್ಟೆಯಲ್ಲಿ ಬೆಳೆಸಿದರು. ಅವು ಮತ್ತೆ ಅದೇ ಸಂಪರ್ಕಗಳನ್ನು ಕಟ್ಟಿಕೊಂಡವು. ಆರ್‌ಪೆಡ್1ನ್ನು ಪ್ರಚೋದಿಸಿದರೆ, ಅಥವಾ ಅದರ ಬದಲು ಒಂದಿಷ್ಟು ಡೋಪಮಿನ್ ಬಿಟ್ಟರೆ, ಲಯ ಬಂತು. ನನ್ನ ಪ್ರಕಾರ ನರವಿಜ್ಞಾನದಲ್ಲಿ ಇಷ್ಟು ಖಚಿತವಾದ ಪುರಾವೆ ಸಿಗುವುದೇ ಅಪರೂಪ.

ಆದರೂ 'ಮೂರೇ ಸಾಕು' ಎನ್ನುವುದು ಲಯಕ್ಕೆ ಮಾತ್ರ ನಿಜ. ಸ್ನಾಯು ಎಳೆಯಲು ಬೇರೆ ಚಾಲಕ ಕೋಶಗಳಿವೆ. ಆಮ್ಲಜನಕ ಇಳಿದ ಸುದ್ದಿ ಬರುವುದು ರಂಧ್ರದ ಸುತ್ತಲಿನ ಸಂವೇದನಾ ಕೋಶಗಳಿಂದ. ಇನ್ನೊಂದು ಸೋಜಿಗ: ಆರ್‌ಪೆಡ್1ರ ಕೋಶಕಾಯವನ್ನು, ಅಂದರೆ ಕೇಂದ್ರಬೀಜವಿರುವ ಭಾಗವನ್ನು ಮಾತ್ರ, ನಾಶ ಮಾಡಿ ಉಳಿದ ಎಳೆಯನ್ನು ಬಿಟ್ಟರೂ ಹುಳು ಉಸಿರಾಡುತ್ತದೆ, ಆದರೆ ಅದರಲ್ಲಿ ದೀರ್ಘಕಾಲದ ನೆನಪು ಮೂಡುವುದಿಲ್ಲ.

ಯಾವ ನೆನಪು ಎಂದರೆ, ರಂಧ್ರ ತೆರೆಯಬಾರದೆಂಬ ಪಾಠದ್ದು. ಪ್ರಯೋಗ ಸರಳ. ಒಂದು ಲೀಟರ್ ಬೀಕರಿನಲ್ಲಿ 500 ಮಿಲೀ ನೀರು ಹಾಕಿ, ಅದರ ಆಮ್ಲಜನಕ ಕಳೆಯಲು 20 ನಿಮಿಷ ನೈಟ್ರೋಜನ್ ಗುಳ್ಳೆ ಹಾಯಿಸಿ. ಹುಳುಗಳನ್ನು ಬಿಟ್ಟು 10 ನಿಮಿಷ ಹೊಂದಿಕೊಳ್ಳಲು ಕೊಡಿ. ನಂತರ ಅರ್ಧ ಗಂಟೆ, ರಂಧ್ರ ತೆರೆಯತೊಡಗಿದಾಗಲೆಲ್ಲ ಚೂಪು ಕಡ್ಡಿಯಿಂದ ಅದರ ಅಂಚನ್ನು ಮೆಲ್ಲಗೆ ಮುಟ್ಟಿ, ಎಣಿಸುತ್ತಾ ಹೋಗಿ. ಎಡವಟ್ಟಾಗುವುದು ಈ ಮುಟ್ಟುವಿಕೆಯಲ್ಲೇ. ಜೋರಾಗಿ ತಾಗಿಸಿದರೆ ಇಡೀ ಹುಳು ಚಿಪ್ಪಿನೊಳಗೆ ಸೇರಿಕೊಂಡು ತಳಕ್ಕಿಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ರಂಧ್ರವಷ್ಟೇ ಮುಚ್ಚಬೇಕು. ಜೊತೆಗೆ ಇನ್ನೊಂದು ಗುಂಪಿಗೆ ಅಷ್ಟೇ ಸಲ, ಆದರೆ ರಂಧ್ರ ತೆರೆಯುವುದಕ್ಕೂ ಮುಟ್ಟುವುದಕ್ಕೂ ಸಂಬಂಧವಿಲ್ಲದ ಹಾಗೆ ಮುಟ್ಟಿ. ಈ ಹೋಲಿಕೆಯ ಗುಂಪು ಇಲ್ಲದಿದ್ದರೆ ಹುಳು ಕಲಿಯಿತೋ, ಸುಮ್ಮನೆ ದಣಿಯಿತೋ ಹೇಳಲಾಗುವುದಿಲ್ಲ.