ಪಾರ್ಕಿನ್ಸನ್ ಅಧ್ಯಯನಕ್ಕೆ ಹೊರಡುವ ಮುನ್ನ ಮಾತ್ರೆ ನಿಲ್ಲಿಸಬೇಕೇ?

ನಿಮ್ಮ ತಂದೆಯವರು ಬೆಂಗಳೂರಿನ ಪಾರ್ಕಿನ್ಸನ್ ಸಂಶೋಧನಾ ಅಧ್ಯಯನವೊಂದಕ್ಕೆ ಸೇರಲು ವಿರಾಜಪೇಟೆಯಿಂದ ಹೊರಡುವ ಮೊದಲೇ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಮುಖ್ಯ ಔಷಧವಾದ ಲೆವೊಡೋಪಾವನ್ನು ಹಠಾತ್ತನೆ ಬಿಡುವುದು ಅಪಾಯಕಾರಿ. ಔಷಧದ ಪ್ರಭಾವವಿಲ್ಲದಾಗ ನಡಿಗೆ, ಕೈನಡುಕ, ಬೆರಳುಗಳ ಚಲನೆ ಹೇಗಿರುತ್ತದೆಂದು ನೋಡಲು ಕೆಲವು ಅಧ್ಯಯನಗಳಲ್ಲಿ ಹಿಂದಿನ ರಾತ್ರಿಯಿಂದ ಸುಮಾರು 12 ಗಂಟೆ ಮಾತ್ರೆ ತಡೆಹಿಡಿಯುವುದುಂಟು, ಆದರೆ ಅದು ವೈದ್ಯರ ಸೂಚನೆಯಂತೆಯೇ ನಡೆಯಬೇಕು. ಮಾತ್ರೆಯಿಲ್ಲದೆ ಮೈ ಬಿಗಿದುಕೊಂಡ ಸ್ಥಿತಿಯಲ್ಲಿ ಅವರನ್ನು ಗೋಣಿಕೊಪ್ಪ, ಹುಣಸೂರು ದಾಟಿಸಿ ಅಷ್ಟು ದೂರ ಬಸ್ಸಿನಲ್ಲಿ ಕೂರಿಸುವುದು ಸರಿಯಲ್ಲವಾದ್ದರಿಂದ, ಹಿಂದಿನ ದಿನವೇ ತಲುಪಿ ತಂಗುವುದು ಒಳಿತು. ಪ್ರಯಾಣ ವೆಚ್ಚ ಕೊಡುತ್ತಾರೆಯೇ ಎಂದೂ ವಿಚಾರಿಸಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆದು ಮನೆಯಲ್ಲಿ ನಿಧಾನವಾಗಿ ಓದಿಸಿ. ಸಹಿ ಹಾಕಿದ ಮೇಲೂ ಕಾರಣ ಹೇಳದೆ ಹಿಂದೆ ಸರಿಯುವ ಹಕ್ಕು ಅವರಿಗಿದೆ, ಅದರಿಂದ ಅವರ ಎಂದಿನ ಚಿಕಿತ್ಸೆಗೆ ತೊಂದರೆಯಾಗಬಾರದು. ಹೋಲಿಕೆಗಾಗಿ ಆರೋಗ್ಯವಂತರನ್ನೂ ಸೇರಿಸಿಕೊಳ್ಳುವ ಅಧ್ಯಯನಗಳಿರುವುದರಿಂದ, ನಿಮಗೆ ಮನಸ್ಸಿದ್ದರೆ ನೀವೂ ಕೇಳಿ ನೋಡಬಹುದು.