ಶಟ್‌ಡೌನ್ ಕೊಟ್ಟರೂ ಆಫ್ ಆಗದ ಲ್ಯಾಪ್‌ಟಾಪ್

ಪ್ರಶ್ನೆ: ನನ್ನದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಶಟ್‌ಡೌನ್ ಕೊಟ್ಟರೆ ಸ್ಕ್ರೀನ್ ಕಪ್ಪಾಗುತ್ತದೆ, ಆದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪವರ್ ಲೈಟೂ ಆರುವುದಿಲ್ಲ. ರೀಸ್ಟಾರ್ಟ್ ಮಾತ್ರ ಸರಿಯಾಗಿ ಆಗುತ್ತದೆ. ದಿನಾ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದೇನೆ. ಫಾರ್ಮ್ಯಾಟ್ ಮಾಡಿಸಲೇಬೇಕಾ?

ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ರೀಸ್ಟಾರ್ಟ್ ಆಗುತ್ತದೆ, ಶಟ್‌ಡೌನ್ ಆಗಲ್ಲ ಅಂದಿರಲ್ಲ, ಒಳ್ಳೆಯ ಸುಳಿವು ಅಲ್ಲೇ ಇದೆ.

2012ರಲ್ಲಿ ಬಂದ ವಿಂಡೋಸ್ 8ರಿಂದ ಶಟ್‌ಡೌನ್ ಅಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ನೀವು ತೆರೆದ ಪ್ರೋಗ್ರಾಂಗಳು ಮುಚ್ಚುತ್ತವೆ, ನಿಮ್ಮ ಅಕೌಂಟ್ ಸೈನ್ ಔಟ್ ಆಗುತ್ತದೆ. ಆದರೆ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳು (ಲ್ಯಾಪ್‌ಟಾಪ್‌ನ ಒಂದೊಂದು ಭಾಗವನ್ನೂ ನಡೆಸುವ ಸಣ್ಣ ಪ್ರೋಗ್ರಾಂಗಳು) ಇದ್ದ ಸ್ಥಿತಿಯಲ್ಲೇ ಡಿಸ್ಕ್‌ನ ಒಂದು ಫೈಲ್‌ಗೆ ಹೋಗಿ ಕೂರುತ್ತವೆ. ಮುಂದಿನ ಸಲ ಬೇಗ ಆನ್ ಆಗಲಿ ಅಂತ ಈ ಏರ್ಪಾಡು. ರೀಸ್ಟಾರ್ಟ್ ಮಾಡಿದಾಗ ಇದು ನಡೆಯುವುದಿಲ್ಲ, ಎಲ್ಲವೂ ಹೊಸದಾಗಿ ಶುರುವಾಗುತ್ತದೆ. (ಆಫ್ ಮಾಡಿ ಆನ್ ಮಾಡಿದರೂ ಹೋಗದ ತೊಂದರೆ ರೀಸ್ಟಾರ್ಟ್‌ಗೆ ಹೋಗುವುದು ಎಷ್ಟೋ ಸಲ ಇದೇ ಕಾರಣಕ್ಕೆ.) ಹೀಗೆ ಮಲಗುವ ಹೊತ್ತಿನಲ್ಲಿ ಒಂದು ಡ್ರೈವರ್ ಹಟ ಹಿಡಿದರೂ ಸಾಕು, ಸ್ಕ್ರೀನ್ ಆರಿದ ಮೇಲೆ ಮೆಷಿನ್ ಅಲ್ಲೇ ನಿಂತುಬಿಡುತ್ತದೆ.

ನಿಮ್ಮಲ್ಲೂ ಹೀಗೇ ಆಗುತ್ತಿದೆಯಾ ಎಂದು ನೋಡುವುದು ಸುಲಭ. ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಆ ಒಂದು ಸಲಕ್ಕೆ ಪೂರ್ತಿ ಶಟ್‌ಡೌನ್ ನಡೆಯುತ್ತದೆ. ಸಲೀಸಾಗಿ ಆಫ್ ಆಯಿತೇ? ಹಾಗಾದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಲಿಂಕ್ ತೆರೆಯಿರಿ. ಅಲ್ಲಿ ಮಸುಕಾಗಿರುವ ಸೆಟ್ಟಿಂಗ್‌ಗಳನ್ನು ಬದಲಿಸಲು ಮೇಲೊಂದು ಲಿಂಕ್ ಇರುತ್ತದೆ. ಅದನ್ನು ಒತ್ತಿ ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ತೆಗೆದು ಸೇವ್ ಮಾಡಿ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಆದರೆ ಆನ್ ಆಗಲು ತಗಲುವ ಹೆಚ್ಚಿನ ಹೊತ್ತು ಗೊತ್ತೇ ಆಗಲ್ಲ. ನನ್ನನ್ನು ಕೇಳಿದರೆ, ಅದನ್ನು ಆಫ್‌ನಲ್ಲೇ ಬಿಡಿ.

ಇದರಿಂದ ತೊಂದರೆ ತಪ್ಪುತ್ತದೆ, ಆದರೆ ಕೆಟ್ಟ ಡ್ರೈವರ್ ಹಾಗೇ ಉಳಿಯುತ್ತದೆ. ಲ್ಯಾಪ್‌ಟಾಪ್ ತಯಾರಕರ ಸೈಟ್‌ನಲ್ಲಿ ನಿಮ್ಮ ಮಾಡೆಲ್ ಹುಡುಕಿ, ಚಿಪ್‌ಸೆಟ್ ಮತ್ತು ಗ್ರಾಫಿಕ್ಸ್ ಡ್ರೈವರ್ ಹಾಕಿಕೊಳ್ಳಿ. ಇಂಟೆಲ್ ಪ್ರೊಸೆಸರ್ ಆದರೆ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರನ್ನೂ ಬಿಡಬೇಡಿ. ಹೊಸ ಬಯಾಸ್ (ಆನ್ ಮಾಡಿದೊಡನೆ ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲಿರುವ ಪ್ರೋಗ್ರಾಂ) ಇದ್ದರೆ ಚಾರ್ಜರ್ ಹಾಕಿಟ್ಟುಕೊಂಡೇ ಅಪ್‌ಡೇಟ್ ಮಾಡಿ. ಡ್ರೈವರ್‌ಗಳನ್ನೆಲ್ಲ ತಾನೇ ಹುಡುಕಿ ಹಾಕುತ್ತೇನೆ ಎನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಮಾತ್ರ ಬೇಡ.

ಶಿಫ್ಟ್ ಹಿಡಿದರೂ ಆಫ್ ಆಗದಿದ್ದರೆ ಮೊದಲು ಪೆನ್‌ಡ್ರೈವ್, ಪ್ರಿಂಟರ್, ಡಾಂಗಲ್ ಎಲ್ಲ ಕಿತ್ತಿಟ್ಟು ನೋಡಿ. ಆಮೇಲೆ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಸರ್ವಿಸಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ಪಟ್ಟಿಯಲ್ಲಿ ಮೈಕ್ರೋಸಾಫ್ಟ್‌ನ ಸರ್ವಿಸ್‌ಗಳನ್ನು ಅಡಗಿಸಿ, ಉಳಿದವನ್ನು ನಿಲ್ಲಿಸಿ. ಅಡಗಿಸುವುದನ್ನು ಮರೆತರೆ ಬೇಕಾದ್ದೂ ನಿಂತುಹೋಗುತ್ತದೆ, ಜೋಕೆ. ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಕೊಡಿ. ಈಗ ಆಫ್ ಆದರೆ ಅರ್ಧರ್ಧ ಆನ್ ಮಾಡುತ್ತಾ ಬನ್ನಿ, ತಪ್ಪಿತಸ್ಥ ಸಿಗುತ್ತದೆ. ಆಂಟಿವೈರಸ್ ಮೇಲೆ ಸ್ವಲ್ಪ ಜಾಸ್ತಿ ಅನುಮಾನವಿರಲಿ.

ಕೊನೆಗೆ ಪವರ್ ಬಟನ್ ವಿಚಾರ. ಸ್ಕ್ರೀನ್ ಮೇಲೆ ಅಪ್‌ಡೇಟ್ ನಡೆಯುತ್ತಿದೆ ಎಂದಿದ್ದರೆ ಅದನ್ನು ಮುಟ್ಟಲೇಬೇಡಿ, ಕಾಯಿರಿ. ಅಪರೂಪಕ್ಕೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ದಿನಾ ಮಾಡುತ್ತಿದ್ದರೆ ಮಾತ್ರ ಡಿಸ್ಕ್‌ಗೆ ಇನ್ನೂ ಬರೆಯದ ಡೇಟಾ ಹೋಗಬಹುದು, ಫೈಲ್ ಕೆಡಬಹುದು. ಇನ್ನೊಂದು, ವಿಂಡೋಸ್ ತನ್ನ ಆಗುಹೋಗು ಬರೆದಿಡುವ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಅಲ್ಲಿ ಕರ್ನಲ್ ಪವರ್ 41 ಎಂಬ ಕೆಂಪು ಗುರುತಿನ ಸಾಲು ಕಾಣಬಹುದು. ಅದನ್ನು ನೋಡಿ ಮದರ್‌ಬೋರ್ಡ್ ಹೋಯಿತು ಎಂದು ಗಾಬರಿಯಾಗಬೇಡಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತಷ್ಟೇ ಅದು ಹೇಳುವುದು. ನೀವೇ ಬಟನ್ ಒತ್ತಿ ಆಫ್ ಮಾಡಿದ್ದೀರಿ, ಅಲ್ವಾ?